ಇಷ್ಟವಾಗದಿದ್ದರೆ ಹಣ ವಾಪಸ್: ಆರನ್ ಮಾಂಟ್‌ಗೊಮೆರಿ ವಾರ್ಡ್

ಆನ್‌ಲೈನ್ ಅಂಗಡಿಯೊಂದಕ್ಕೆ ನಾವು ಮತ್ತೆ ಮತ್ತೆ ಹೋಗುವುದು ಬೆಲೆ ಕಡಿಮೆ ಎಂಬ ಒಂದೇ ಕಾರಣಕ್ಕೆ ಎಂದು ಹಲವರು ನಂಬಿದ್ದಾರೆ. ಆದರೆ ತರಿಸಿದ ಅಂಗಿ ಬಿಗಿಯಾದರೆ ವಾಪಸ್ ಕಳಿಸಬಹುದು, ದುಡ್ಡು ಮರಳಿ ಬರುತ್ತದೆ ಎಂಬ ಧೈರ್ಯವಿಲ್ಲದಿದ್ದರೆ ನಾವು ಅಲ್ಲಿ ಕೊಳ್ಳುತ್ತಿದ್ದೆವೇ? ಮುಖ ಕಾಣದ ವ್ಯಾಪಾರಿಯನ್ನು ಜನ ನಂಬುವಂತೆ ಮಾಡುವುದು ಹೇಗೆ ಎಂಬ ಈ ತೊಡಕನ್ನು ಇಂಟರ್ನೆಟ್‌ಗಿಂತ ನೂರು ವರ್ಷ ಮೊದಲೇ ಎದುರಿಸಿದವರು ಅಮೆರಿಕದ ವಾರ್ಡ್.

ನ್ಯೂಜೆರ್ಸಿಯಲ್ಲಿ ಹುಟ್ಟಿದ ಅವರು ಹದಿಹರೆಯದಲ್ಲೇ ಇಟ್ಟಿಗೆ ಕೆಲಸಕ್ಕೆ ಇಳಿದಿದ್ದರು. ಮುಂದೆ ಬಟ್ಟೆ ಕಂಪನಿಗಳ ಮಾರಾಟಗಾರರಾಗಿ ಊರೂರು ತಿರುಗಿದಾಗ ರೈತರ ಗೋಳು ಕಂಡರು. ಊರಿಗೊಂದೇ ಅಂಗಡಿ, ಅಲ್ಲಿ ಹೇಳಿದ್ದೇ ಬೆಲೆ, ಕೊಟ್ಟಿದ್ದೇ ಸಾಮಾನು. ಸಗಟಿನಲ್ಲಿ ಕೊಂಡು, ಮಧ್ಯವರ್ತಿಗಳಿಲ್ಲದೆ ರೈಲಿನಲ್ಲಿ ನೇರ ಕಳಿಸಿದರೆ ಹೇಗೆ ಎಂದು ಲೆಕ್ಕ ಹಾಕಿದರು. ಕೂಡಿಸಿದ್ದ ಸರಕು 1871ರ ಶಿಕಾಗೋ ಬೆಂಕಿಯಲ್ಲಿ ಸುಟ್ಟುಹೋಯಿತು. 1872ರಲ್ಲಿ ಮತ್ತೆ ಶುರು ಮಾಡಿದರು: ಒಂದೇ ಹಾಳೆಯ ಬೆಲೆಪಟ್ಟಿ, 163 ಸಾಮಾನು.

ಇಷ್ಟು ಅಗ್ಗಕ್ಕೆ ಸಿಗುತ್ತದೆ ಎಂದರೆ ಮೋಸವೇ ಇರಬೇಕಲ್ಲ! ಶಿಕಾಗೋ ಟ್ರಿಬ್ಯೂನ್ ಪತ್ರಿಕೆ ಹಾಗೆಂದೇ ಬರೆಯಿತು, ಆಮೇಲೆ ಆ ಮಾತನ್ನು ಹಿಂತೆಗೆದುಕೊಂಡಿತು. ಅಂದರೆ ಕಡಿಮೆ ಬೆಲೆಯೇ ಅನುಮಾನಕ್ಕೆ ಕಾರಣವಾಗಿತ್ತು. 1875ರಲ್ಲಿ ವಾರ್ಡ್ ತೃಪ್ತಿಯಾಗದಿದ್ದರೆ ಹಣ ವಾಪಸ್ ಎಂಬ ಭರವಸೆ ಕೊಟ್ಟರು. ಇದನ್ನು ಕಂಡುಹಿಡಿದವರೇ ಅವರು ಎಂಬ ಮಾತೂ ಓಡಾಡುತ್ತದೆ, ಅದು ಸರಿಯಲ್ಲ. ಇಂಗ್ಲೆಂಡಿನ ಪಿಂಗಾಣಿ ತಯಾರಕ ಜೊಸಾಯಾ ವೆಡ್ಜ್‌ವುಡ್ 18ನೇ ಶತಮಾನದಲ್ಲೇ ಹೀಗೆ ಮಾಡಿದ್ದರು. ಆದರೆ ಸರಕನ್ನು ಮುಟ್ಟಿಯೂ ನೋಡದ ಹಳ್ಳಿಯ ರೈತನಿಗೆ ಇದರ ಬೆಲೆಯೇ ಬೇರೆ. ಸರಕು ಕೆಟ್ಟದಾದರೆ ನಷ್ಟ ಕೊಂಡವನಿಗಲ್ಲ, ಮಾರಿದವನಿಗೆ. ಹಾಗಾಗಿ ಗುಣಮಟ್ಟ ನೋಡಿಕೊಳ್ಳುವ ಚಿಂತೆಯೂ ಮಾರುವವನದ್ದೇ ಆಯಿತು.

ಎಲ್ಲರೂ ವಾಪಸ್ ಕಳಿಸಿದರೆ ವ್ಯಾಪಾರ ದಿವಾಳಿಯಾಗುವುದಿಲ್ಲವೇ? ಆಗಲಿಲ್ಲ. 1883ರ ಹೊತ್ತಿಗೆ ಆ ಹಾಳೆ 240 ಪುಟಗಳ ಪುಸ್ತಕವಾಗಿ ಬೆಳೆದಿತ್ತು, ಸಾಮಾನು ಸುಮಾರು 10,000. ಹೊಟ್ಟೆಕಿಚ್ಚಿಗೆ ಕೆಲವು ಊರುಗಳ ಅಂಗಡಿಯವರು ಅದನ್ನು ಸುಟ್ಟರಂತೆ.

ಶಿಕಾಗೋದ ಸರೋವರದ ದಂಡೆಯಲ್ಲಿ ಕಟ್ಟಡಗಳು ಏಳದಂತೆ ವರ್ಷಗಟ್ಟಲೆ ಕೋರ್ಟಿನಲ್ಲಿ ಹೋರಾಡಿ, ಇಂದಿನ ಗ್ರಾಂಟ್ ಪಾರ್ಕ್ ಉಳಿಸಿದವರೂ ಅವರೇ. 1913ರಲ್ಲಿ ತೀರಿಕೊಂಡರು. ಕಂಪನಿ 1985ರಲ್ಲಿ ಕ್ಯಾಟಲಾಗ್ ನಿಲ್ಲಿಸಿತು, 2001ರಲ್ಲಿ ಮಳಿಗೆಗಳೂ ಮುಚ್ಚಿದವು. ಹೆಸರನ್ನು ಕೊಂಡ ಬೇರೊಂದು ಕಂಪನಿ 2004ರಲ್ಲಿ ಅದೇ ಹೆಸರಿನಲ್ಲಿ ಆನ್‌ಲೈನ್ ಅಂಗಡಿ ತೆರೆಯಿತು.