ನ್ಯೂಟ್ ರಾಕ್ನಿ: ಆಟ ಹೂಡುವವನ ಬುದ್ಧಿಗೆ ಅಳತೆಗೋಲು ಯಾವುದು?

ಫುಟ್‌ಬಾಲ್ ಎಂದೊಡನೆ ನಮ್ಮ ಕಡೆಯ ಮಕ್ಕಳಿಗೆ ನೆನಪಾಗುವುದು ಕಾಲಿನಿಂದ ಒದೆಯುವ ಚೆಂಡು. ಅಮೆರಿಕದವರು ಅದೇ ಹೆಸರಿನಿಂದ ಕರೆಯುವ ಆಟವೇ ಬೇರೆ. ಅಲ್ಲಿ ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುತ್ತಾರೆ, ಎಸೆಯುತ್ತಾರೆ. ನಾಲ್ಕು ಸರದಿಗಳೊಳಗೆ ಹತ್ತು ಗಜ ಮುಂದೆ ಸಾಗದಿದ್ದರೆ ಚೆಂಡು ಎದುರಾಳಿಯ ಪಾಲು. ಆದುದರಿಂದ ಪ್ರತಿ ಸರದಿಗೂ ಮುನ್ನ ಓಡುವುದೋ ಎಸೆಯುವುದೋ ಎಂದು ಒಬ್ಬರು ತೀರ್ಮಾನಿಸಲೇಬೇಕು. ಇಂದು ದೊಡ್ಡ ಕಾಲೇಜು ತಂಡಗಳಲ್ಲಿ ಇದಕ್ಕೆಂದೇ ಸಂಬಳದ ತರಬೇತುದಾರರಿದ್ದಾರೆ. ಸೋತ ಮರುದಿನ ಬೈಗುಳವೂ ಅವರಿಗೇ. ಅಂಥವರನ್ನು ನ್ಯಾಯವಾಗಿ ಅಳೆಯುವುದು ಹೇಗೆಂದು ತಿಳಿಯಬಯಸುವವರು ರಾಕ್ನಿಯವರ ಬಾಳನ್ನು ನೋಡಬೇಕೆಂದು ನಮಗೆ ತೋರುತ್ತದೆ.

1888ರ ಮಾರ್ಚ್ 4ರಂದು ನಾರ್ವೆಯ ವೋಸ್ ಎಂಬಲ್ಲಿ ಹುಟ್ಟಿದ ಅವರು ಐದರ ಪ್ರಾಯದಲ್ಲಿ ಷಿಕಾಗೋಗೆ ಬಂದರು. ಅಂಚೆ ಕಚೇರಿಯಲ್ಲಿ ದುಡಿದು ಹಣ ಕೂಡಿಟ್ಟು, 22ನೆಯ ವಯಸ್ಸಿನಲ್ಲಿ ನಾಟರ್ ಡೇಮ್ ವಿದ್ಯಾಲಯ ಸೇರಿದರು. ಓದಿನಲ್ಲೂ ಹಿಂದುಳಿದವರಲ್ಲ, ರಸಾಯನಶಾಸ್ತ್ರದಲ್ಲಿ ಗಟ್ಟಿಗರು. ಚೆಂಡನ್ನು ಮುಂದಕ್ಕೆ ಎಸೆಯಲು 1906ರಲ್ಲೇ ನಿಯಮ ಒಪ್ಪಿದ್ದರೂ ಹೆಚ್ಚಿನವರು ಅದು ಅಪಾಯವೆಂದು ದೂರವಿದ್ದರು. 1913ರ ಬೇಸಗೆಯಲ್ಲಿ ರಾಕ್ನಿಯೂ ಗೆಳೆಯ ಗಸ್ ಡೊರೆಯೂ ಈರಿ ಸರೋವರದ ದಂಡೆಯಲ್ಲಿ ಅದನ್ನೇ ಸಾಧನೆ ಮಾಡಿದರು. ಆ ನವೆಂಬರ್ 1ರಂದು ಬಲಾಢ್ಯ ಸೇನಾ ಅಕಾಡೆಮಿಯ ತಂಡ 35-13ರಿಂದ ಸೋತಿತು.

1918ರಿಂದ 1930ರವರೆಗೆ ಅವರು ಮುಖ್ಯ ತರಬೇತುದಾರರು. 122 ಪಂದ್ಯಗಳಲ್ಲಿ 105 ಗೆಲುವು, 12 ಸೋಲು, 5 ಸಮ. ಆಗ ಅಂಗಳದ ಹೊರಗಿನಿಂದ ಆಟಗಾರರಿಗೆ ಸೂಚನೆ ಕೊಡುವುದು ನಿಷಿದ್ಧ. ಯಾವ ಆಟ ಹೂಡಬೇಕೆಂದು ಅಂಗಳದೊಳಗಿನ ಹುಡುಗನೇ ಹೇಳಬೇಕು. 1924ರ ಹೆಸರಾಂತ ತಂಡದಲ್ಲಿ ಆ ಹೊಣೆ ಹ್ಯಾರಿ ಸ್ಟೂಲ್‌ಡ್ರೆಹರ್‌ನದು. ರಾಕ್ನಿ ಮಾಡಬಹುದಾದದ್ದು ವಾರವಿಡೀ ಅವನಿಗೆ ಯೋಚಿಸಲು ಕಲಿಸುವುದೊಂದೇ. ಪರೀಕ್ಷೆಯ ಕೋಣೆಯೊಳಗೆ ಅಧ್ಯಾಪಕನಿಗೆ ಬಾಯಿಲ್ಲ ತಾನೆ?

1925ರ ಜನವರಿ 1ರ ರೋಸ್ ಬೌಲ್ ಪಂದ್ಯವನ್ನೇ ನೋಡಿ. ಎದುರಿಗೆ ಪಾಪ್ ವಾರ್ನರ್ ತಯಾರಿಸಿದ ಸ್ಟ್ಯಾನ್‌ಫರ್ಡ್ ತಂಡ. ಗಜಗಳ ಲೆಕ್ಕದಲ್ಲಿ ಮುಂದಿದ್ದವರು ಸ್ಟ್ಯಾನ್‌ಫರ್ಡಿನವರೇ. ಗೆದ್ದದ್ದು ಮಾತ್ರ ನಾಟರ್ ಡೇಮ್, 27-10. ಎದುರಾಳಿಯ ಎರಡು ಎಸೆತಗಳನ್ನು ನಡುವೆಯೇ ಕಸಿದ ಎಲ್ಮರ್ ಲೇಡನ್ ಎರಡು ಸಲವೂ ಗೆರೆ ದಾಟಿದ. ಹಾಗಾದರೆ ವಾರ್ನರರ ತಂತ್ರ ಕೆಟ್ಟದ್ದೇ? ನಾವು ಹಾಗೆನ್ನಲಾರೆವು. ಅಷ್ಟು ನೆಲ ಗೆದ್ದುಕೊಟ್ಟದ್ದೂ ಅದೇ ತಂತ್ರ. ಎಷ್ಟನೆಯ ಸರದಿ, ಎಷ್ಟು ಗಜ ಬಾಕಿ, ಎದುರಾಳಿ ಎಲ್ಲಿ ನಿಂತಿದ್ದ ಎಂಬುದನ್ನು ಕೇಳದೆ ಫಲವನ್ನಷ್ಟೇ ಕಂಡು ತೀರ್ಪು ಕೊಡುವುದು ಸುಲಭದ ಕೆಲಸ.

ರಾಕ್ನಿಯವರಿಗೂ ಕುಂದಿಲ್ಲದಿಲ್ಲ. 1926ರ ನವೆಂಬರ್‌ನಲ್ಲಿ ಕಾರ್ನೆಗಿ ಟೆಕ್ ತಂಡವನ್ನು ಲಘುವಾಗಿ ಎಣಿಸಿ, ತಮ್ಮ ಹುಡುಗರನ್ನು ಸಹಾಯಕರಿಗೆ ಒಪ್ಪಿಸಿ, ತಾವು ಷಿಕಾಗೋದಲ್ಲಿ ಬೇರೊಂದು ಪಂದ್ಯ ನೋಡಲು ಹೋದರು. ಫಲ 19-0ರ ಸೋಲು. ಅಲ್ಲಿ ತಪ್ಪಿದ್ದು ಹೂಡಿದ ಆಟವಲ್ಲ, ಗುರುವಿನ ಅಂದಾಜು.

1929ರಲ್ಲಿ ಕಾಲಿನ ರಕ್ತನಾಳದ ಬೇನೆಯಿಂದ ಗಾಲಿಕುರ್ಚಿಯಲ್ಲಿ ಕುಳಿತೇ ತರಬೇತಿ ಕೊಟ್ಟರು. ಆ ವರ್ಷವೂ ಮರುವರ್ಷವೂ ತಂಡ ಒಂದೂ ಸೋಲಲಿಲ್ಲ. 1931ರ ಮಾರ್ಚ್ 31ರಂದು ಕ್ಯಾನ್ಸಸ್ ರಾಜ್ಯದಲ್ಲಿ ಅವರಿದ್ದ ಮರದ ರೆಕ್ಕೆಯ ಫಾಕರ್ ವಿಮಾನ ಉರುಳಿ ಎಂಟು ಮಂದಿಯೂ ಸತ್ತರು. ರಾಕ್ನಿಯವರಿಗೆ ಆಗ 43 ವರ್ಷ.