ಯುದ್ಧ ನಿಲ್ಲಿಸುವುದು, ಶಾಂತಿ ಕಟ್ಟುವುದು: ಬಿ.ಎನ್. ರಾವ್ ಅವರ ಬದುಕನ್ನು ತರಗತಿಗೆ ಒಯ್ದಾಗ

ಬೋಧನಾಭ್ಯಾಸದ ಮೂರನೆಯ ವಾರ, ಪಟ್ಟನಾಯಕನಹಳ್ಳಿಯಲ್ಲಿ ಹತ್ತನೆಯ ತರಗತಿಗೆ ‘ಜಾಗತಿಕ ಸಂಸ್ಥೆಗಳು’ ಘಟಕವನ್ನು ಬೋಧಿಸುವ ಸರದಿ ನನ್ನದಾಯಿತು. ವಿಶ್ವಸಂಸ್ಥೆಯ ಸ್ಥಾಪನೆ, ಅದರ ಆರು ಅಂಗಗಳು, ಅವುಗಳ ಕಾರ್ಯ ಇಷ್ಟನ್ನು ಮೊದಲ ಎರಡು ಅವಧಿಗಳಲ್ಲಿ ಮುಗಿಸಿದೆ. ಭದ್ರತಾ ಮಂಡಳಿಯ ಐದು ಕಾಯಂ ಸದಸ್ಯ ರಾಷ್ಟ್ರಗಳ ಹೆಸರನ್ನು ಮಕ್ಕಳು ತಡವರಿಸದೆ ಹೇಳಿದರು. ಮೌಲ್ಯಮಾಪನದ ಪ್ರಶ್ನೆಗಳಿಗೂ ಸರಿಯಾದ ಉತ್ತರ ಬಂತು. ಪಾಠ ಗೆದ್ದಿತು ಎಂದುಕೊಳ್ಳುವಷ್ಟರಲ್ಲಿ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು, ಇಷ್ಟೆಲ್ಲ ಇದ್ದೂ ಯುದ್ಧ ಯಾಕೆ ನಿಲ್ಲುವುದಿಲ್ಲ ಸಾರ್ ಎಂದು ಕೇಳಿದ. ನನ್ನ ಪಾಠಯೋಜನೆಯಲ್ಲಿ ಅದಕ್ಕೆ ಉತ್ತರ ಇರಲಿಲ್ಲ. ದೊಡ್ಡ ರಾಷ್ಟ್ರಗಳ ಸ್ವಾರ್ಥ ಎಂದು ಏನೋ ಒಂದು ಮಾತು ಹೇಳಿ, ಗಂಟೆ ಹೊಡೆಯುವುದನ್ನೇ ಕಾದೆ.

ಪಾಠ ವೀಕ್ಷಿಸಿದ ಮಾರ್ಗದರ್ಶಕ ಶಿಕ್ಷಕರು ಆಮೇಲೆ ಆಕ್ಷೇಪಣೆ ಮಾಡಲಿಲ್ಲ. ಮಕ್ಕಳು ಅಂಗಗಳ ಹೆಸರು ಕಲಿತಿದ್ದಾರೆ, ಆದರೆ ಆ ಕುರ್ಚಿಯಲ್ಲಿ ಕುಳಿತ ಒಬ್ಬ ಮನುಷ್ಯನನ್ನೂ ಅವರು ಕಂಡಿಲ್ಲ, ಅಂಥ ಒಬ್ಬರ ಬದುಕನ್ನು ಹಿಡಿದು ಮುಂದಿನ ಅವಧಿ ನಡೆಸಿ ಎಂದರು. ಹಾಗೆ ಹುಡುಕುತ್ತ ಹೋದಾಗ ನನಗೆ ಸಿಕ್ಕವರು ನಮ್ಮ ಕರಾವಳಿಯ ಬೆನಗಲ್ ನರಸಿಂಗ ರಾವ್. ಸಂವಿಧಾನ ರಚನಾ ಸಭೆಯ ಸಲಹೆಗಾರರೆಂದು ಅವರ ಹೆಸರನ್ನು ನಾವೆಲ್ಲ ಒಂದು ಅಂಕದ ಪ್ರಶ್ನೆಗಾಗಿ ಓದಿರುತ್ತೇವೆ. 1950ರ ಜೂನ್‌ನಲ್ಲಿ ಕೊರಿಯಾ ಯುದ್ಧ ಹೊತ್ತಿಕೊಂಡಾಗ ಭದ್ರತಾ ಮಂಡಳಿಯ ಅಧ್ಯಕ್ಷರಾಗಿದ್ದವರು ಅವರೇ ಎಂಬುದು ನನಗೆ ಅಲ್ಲಿಯವರೆಗೆ ತಿಳಿದಿರಲಿಲ್ಲ. ಮುಂದಿನ ಅವಧಿಗಳಲ್ಲಿ ಮಕ್ಕಳಿಗೆ ಹೇಳಿದ ಆ ಬದುಕನ್ನೂ ಅದರಿಂದ ನಾನು ಕಲಿತದ್ದನ್ನೂ ಇಲ್ಲಿ ಬರೆದಿದ್ದೇನೆ.

ರಾವ್ ಹುಟ್ಟಿದ್ದು 1887ರ ಫೆಬ್ರವರಿ 26ರಂದು, ದಕ್ಷಿಣ ಕನ್ನಡದ ಸಾರಸ್ವತ ಮನೆತನದಲ್ಲಿ. ತಂದೆ ವೈದ್ಯರು. ಮಂಗಳೂರಿನ ಕೆನರಾ ಹೈಸ್ಕೂಲಿನಲ್ಲಿ ಓದು. ಮದರಾಸಿನಲ್ಲಿ ಪದವಿ ಮುಗಿಸಿ, ವಿದ್ಯಾರ್ಥಿವೇತನದ ಮೇಲೆ ಕೇಂಬ್ರಿಡ್ಜ್‌ನ ಟ್ರಿನಿಟಿ ಕಾಲೇಜಿಗೆ ಹೋದರು. ಅಲ್ಲಿ ಅವರು ಓದಿದ್ದು ಗಣಿತ. ಐ.ಸಿ.ಎಸ್. ಪರೀಕ್ಷೆಯಲ್ಲಿ ಗೆದ್ದು 1910ರಲ್ಲಿ ಬಂಗಾಳದ ಸೇವೆಗೆ ಸೇರಿದರು. ಮುಂದೆ ರಿಸರ್ವ್ ಬ್ಯಾಂಕಿನ ಗವರ್ನರ್ ಆದ ಬೆನಗಲ್ ರಾಮರಾವ್ ಮತ್ತು ಪತ್ರಕರ್ತ ಬಿ. ಶಿವರಾವ್ ಇವರ ತಮ್ಮಂದಿರು. ನರಸಿಂಗರಾಯರು ಭಾಷಣಗಳಿಂದ ಹೆಸರಾದವರಲ್ಲ. ಕಾನೂನಿನ ಕರಡು ಬರೆಯುವುದು, ಒಂದು ಪದ ಎರಡು ಅರ್ಥಕ್ಕೆ ಎಡೆಕೊಡದಂತೆ ತಿದ್ದುವುದು, ಎರಡೂ ಕಡೆಯವರ ವಾದವನ್ನು ತಾಳ್ಮೆಯಿಂದ ಕೇಳಿ ಬರೆದಿಡುವುದು, ಇದರಲ್ಲಿಯೇ ಅವರ ವರ್ಷಗಳು ಕಳೆದವು. 1939ರಲ್ಲಿ ಕಲ್ಕತ್ತಾ ಹೈಕೋರ್ಟಿನ ನ್ಯಾಯಾಧೀಶರಾದರು.

1941ರಲ್ಲಿ ಸಿಂಧೂ ನದಿಯ ತಗಾದೆ ಅವರ ಮುಂದೆ ಬಂತು. ಪಂಜಾಬ್ ಮೇಲಿನ ಪ್ರಾಂತ, ಸಿಂಧ್ ಕೆಳಗಿನ ಪ್ರಾಂತ. ಪಂಜಾಬ್ ಕೈಗೊಳ್ಳಲಿರುವ ಭಾಕ್ರಾ ಅಣೆಕಟ್ಟು ಮೊದಲಾದ ಯೋಜನೆಗಳಿಂದ ತನ್ನ ಕಾಲುವೆಗಳು ಬತ್ತುತ್ತವೆ ಎಂಬುದು ಸಿಂಧ್‌ನ ದೂರು. ಇಲ್ಲಿಗೆ ಬಂದಾಗ ನಾನು ಕಥೆ ನಿಲ್ಲಿಸಿ, ಕೆರೆ ತುಂಬಿದ ವರ್ಷ ಅಚ್ಚುಕಟ್ಟಿಗೆ ನೀರು ಬಿಡುವವರು ಯಾರು ಎಂದು ತರಗತಿಯನ್ನು ಕೇಳಿದೆ. ಶಿರಾ ಸೀಮೆಯ ಮಕ್ಕಳಿಗೆ ಕೆರೆ ತುಂಬುವುದೆಂದರೆ ಹಬ್ಬ. ಒಬ್ಬ ಹುಡುಗಿ, ತನ್ನ ತಾತ ನೀರುಗಂಟಿಯಾಗಿದ್ದರು ಎಂದಳು. ತೂಬು ಎತ್ತುವುದು ಅವರೊಬ್ಬರೇ, ಬೇರೆಯವರು ಕೈ ಹಾಕುವಂತಿಲ್ಲ, ಕೊನೆಯ ಗದ್ದೆಗೂ ನೀರು ಮುಟ್ಟಿತೇ ಎಂದು ನಡೆದುಹೋಗಿ ನೋಡಿ ಬರುತ್ತಿದ್ದರು ಎಂದು ವಿವರಿಸಿದಳು. ರಾವ್ ಅಧ್ಯಕ್ಷತೆಯ ಆಯೋಗ 1942ರಲ್ಲಿ ಕೊಟ್ಟ ವರದಿಯ ತಿರುಳೂ ಹೆಚ್ಚುಕಡಿಮೆ ಇದೇ. ಇಬ್ಬರೂ ಕೂತು ಒಪ್ಪಂದ ಮಾಡಿಕೊಳ್ಳುವುದು ಎಲ್ಲಕ್ಕಿಂತ ಮೇಲು. ಆಗದಿದ್ದರೆ, ಮೇಲಿನವರು ತಮಗೆ ಬೇಕಾದಷ್ಟನ್ನು ಎಳೆದುಕೊಳ್ಳುವಂತಿಲ್ಲ, ಇಡೀ ನದಿಯನ್ನು ಒಂದೆಂದು ನೋಡಿ ನ್ಯಾಯವಾಗಿ ಹಂಚಬೇಕು.

ಎರಡೂ ಪ್ರಾಂತಗಳಿಗೆ ವರದಿ ಪೂರ್ತಿ ಒಪ್ಪಿಗೆಯಾಗಲಿಲ್ಲ. 1947ರಲ್ಲಿ ದೇಶವೇ ಇಬ್ಭಾಗವಾಗಿ, ಪ್ರಾಂತಗಳ ಜಗಳ ದೇಶಗಳ ಜಗಳವಾಯಿತು. ಭಾರತ ಮತ್ತು ಪಾಕಿಸ್ತಾನ ವಿಶ್ವಬ್ಯಾಂಕಿನ ಮಧ್ಯಸ್ಥಿಕೆಯಲ್ಲಿ ಸಿಂಧೂ ಜಲ ಒಪ್ಪಂದಕ್ಕೆ ಸಹಿ ಹಾಕಿದ್ದು 1960ರಲ್ಲಿ. ನಡುವೆ ಯುದ್ಧಗಳಾದರೂ ಆ ಒಪ್ಪಂದ ಉಳಿದು ಬಂತು. 2025ರ ಏಪ್ರಿಲ್‌ನಲ್ಲಿ, ಪಹಲ್ಗಾಮ್ ದಾಳಿಯ ನಂತರ, ಭಾರತ ಅದನ್ನು ತಡೆಹಿಡಿಯಿತು. ಬರೆದ ಒಪ್ಪಂದಕ್ಕೂ ಅದನ್ನು ಹೊತ್ತುಕೊಳ್ಳುವ ನಂಬಿಕೆ ಬೇಕು ಎಂಬುದಕ್ಕೆ ಮಕ್ಕಳಿಗೆ ಬೇರೆ ಉದಾಹರಣೆ ಹುಡುಕಬೇಕಾಗಲಿಲ್ಲ.

1946ರಲ್ಲಿ ರಾವ್ ಸಂವಿಧಾನ ರಚನಾ ಸಭೆಯ ಸಲಹೆಗಾರರಾದರು. ಆ ಕೆಲಸಕ್ಕೆ ಅವರು ಸಂಬಳ ಪಡೆಯಲಿಲ್ಲ. ಹಲವು ದೇಶಗಳ ಸಂವಿಧಾನಗಳನ್ನು ಓದಿ 1947ರ ಅಕ್ಟೋಬರ್ ಹೊತ್ತಿಗೆ ಮೊದಲ ಕರಡನ್ನು ಸಿದ್ಧಪಡಿಸಿದರು. ಅದನ್ನು ಆಧಾರವಾಗಿಟ್ಟುಕೊಂಡು ಅಂಬೇಡ್ಕರ್ ಅಧ್ಯಕ್ಷತೆಯ ಕರಡು ಸಮಿತಿ ಕೆಲಸ ಮಾಡಿತು. 1949ರ ನವೆಂಬರ್ 25ರ ಭಾಷಣದಲ್ಲಿ ಅಂಬೇಡ್ಕರ್ ಅವರು ತಮಗೆ ಸಲ್ಲಿಸಿದ ಶ್ರೇಯಸ್ಸಿನಲ್ಲಿ ಒಂದು ಪಾಲು ರಾವ್ ಅವರದೆಂದು ತಾವಾಗಿಯೇ ಹೇಳಿದರು. ಬರ್ಮಾ ದೇಶದ ಸಂವಿಧಾನ ರಚನೆಗೂ ರಾವ್ ನೆರವಾದರು.

ಆ ಬಳಿಕ ಅವರು ವಿಶ್ವಸಂಸ್ಥೆಯಲ್ಲಿ ಭಾರತದ ಪ್ರತಿನಿಧಿಯಾದರು. 1950ರ ಆರಂಭದಲ್ಲಿ ಭಾರತ ಭದ್ರತಾ ಮಂಡಳಿಯ ಸದಸ್ಯತ್ವ ಪಡೆಯಿತು. ಮಂಡಳಿಯ ಅಧ್ಯಕ್ಷ ಸ್ಥಾನ ತಿಂಗಳಿಗೊಮ್ಮೆ ಸರದಿಯಂತೆ ಬದಲಾಗುತ್ತದೆ, ಜೂನ್ ತಿಂಗಳು ಭಾರತದ್ದು. ಜೂನ್ 25, ಭಾನುವಾರ, ಉತ್ತರ ಕೊರಿಯಾದ ಸೇನೆ 38ನೇ ಅಕ್ಷಾಂಶ ದಾಟಿ ದಕ್ಷಿಣಕ್ಕೆ ನುಗ್ಗಿತು. ಅಂದೇ ಸಭೆ ಸೇರಿದ ಮಂಡಳಿ ಯುದ್ಧ ನಿಲ್ಲಿಸಬೇಕು, ಸೇನೆ ಹಿಂದಕ್ಕೆ ಸರಿಯಬೇಕು ಎಂದು ನಿರ್ಣಯಿಸಿತು, ಭಾರತ ಅದರ ಪರ ಮತ ಹಾಕಿತು. ಚೀನಾದ ಸ್ಥಾನ ಯಾರಿಗೆ ಎಂಬ ಜಗಳದಿಂದಾಗಿ ಸೋವಿಯತ್ ಒಕ್ಕೂಟ ಜನವರಿಯಿಂದಲೇ ಮಂಡಳಿಯನ್ನು ಬಹಿಷ್ಕರಿಸಿತ್ತು. ಜೂನ್ 27ರಂದು ದಕ್ಷಿಣ ಕೊರಿಯಾಕ್ಕೆ ನೆರವು ನೀಡುವ ಎರಡನೆಯ ನಿರ್ಣಯ ಬಂದಾಗ ದೆಹಲಿಯ ಸೂಚನೆ ಇನ್ನೂ ತಲುಪಿರಲಿಲ್ಲ. ಅಧ್ಯಕ್ಷರ ಕುರ್ಚಿಯಲ್ಲಿ ಕುಳಿತೇ ರಾವ್ ಮತದಾನದಲ್ಲಿ ಪಾಲ್ಗೊಳ್ಳಲಿಲ್ಲ. ಎರಡು ದಿನಗಳ ಬಳಿಕ ಭಾರತ ಆ ನಿರ್ಣಯವನ್ನು ಒಪ್ಪಿತು. ಆದರೆ ಹೋರಾಡುವ ಪಡೆಯನ್ನು ಕಳುಹಿಸಲಿಲ್ಲ. ಗಾಯಾಳುಗಳ ಆರೈಕೆಗೆ 60ನೇ ಪ್ಯಾರಾಚೂಟ್ ಫೀಲ್ಡ್ ಆಂಬುಲೆನ್ಸ್ ಎಂಬ ವೈದ್ಯಕೀಯ ತುಕಡಿಯನ್ನು ಕಳುಹಿಸಿತು.

ಆಗ ಹುಡುಗರಿಗೆ ಒಂದು ಸಂದೇಹ ಬಂತು. ಕೊರಿಯಾ ಎಂದರೆ ಅವರಿಗೆ ಸ್ಯಾಮ್‌ಸಂಗ್ ಫೋನು, ಹುಂಡೈ ಕಾರು. ಅಷ್ಟು ದೂರದ ಜಗಳಕ್ಕೂ ನಮಗೂ ಏನು ಸಂಬಂಧ ಎಂದರು. 2022ರಲ್ಲಿ ಮನೆಯಲ್ಲಿ ಅಡುಗೆ ಎಣ್ಣೆಯ ಬೆಲೆ ಏರಿದ್ದು ನೆನಪಿದೆಯೇ ಎಂದು ಕೇಳಿದೆ. ನಮ್ಮ ದೇಶಕ್ಕೆ ಬರುತ್ತಿದ್ದ ಸೂರ್ಯಕಾಂತಿ ಎಣ್ಣೆಯ ಬಹುಪಾಲು ಉಕ್ರೇನ್ ಮತ್ತು ರಷ್ಯಾದ್ದು. ಆ ಎರಡು ದೇಶಗಳ ಯುದ್ಧದಿಂದ ಎಣ್ಣೆಯ ಜೊತೆಗೆ ರಸಗೊಬ್ಬರದ ಪೇಟೆಯೂ ಅಲ್ಲಾಡಿತು. ಕಡಲೆಕಾಯಿ ಬೆಳೆಯುವ ನಮ್ಮ ಸೀಮೆಯವರೂ ಅದರಿಂದ ಹೊರಗಿರಲಿಲ್ಲ. ದೇಶಗಳ ವ್ಯಾಪಾರ ಹೆಣೆದುಕೊಂಡ ಮೇಲೆ ಪರರ ಯುದ್ಧ ಎಂಬುದು ಉಳಿಯುವುದಿಲ್ಲ. ಆದರೆ ಹೆಣೆದುಕೊಂಡ ಮಾತ್ರಕ್ಕೆ ಯುದ್ಧ ತಪ್ಪುವುದೂ ಇಲ್ಲ.

ಮತ್ತೆ ಕೊರಿಯಾಕ್ಕೆ ಬಂದೆ. ವಿಶ್ವಸಂಸ್ಥೆಯ ಹೆಸರಿನ ಪಡೆಗಳು 38ನೇ ಅಕ್ಷಾಂಶವನ್ನು ದಾಟಿದರೆ ಚೀನಾ ಯುದ್ಧಕ್ಕಿಳಿಯುತ್ತದೆ ಎಂದು ಭಾರತ ಎಚ್ಚರಿಸಿತ್ತು. ಪಡೆಗಳು ದಾಟಿದವು. 1950ರ ಅಕ್ಟೋಬರ್‌ನಲ್ಲಿ ಚೀನಾ ಇಳಿಯಿತು. ಡಿಸೆಂಬರ್‌ನಲ್ಲಿ ಏಷ್ಯಾ ಹಾಗೂ ಅರಬ್ ನಾಡುಗಳೂ ಸೇರಿ 13 ರಾಷ್ಟ್ರಗಳ ಪರವಾಗಿ ರಾವ್ ಕದನವಿರಾಮದ ಪ್ರಸ್ತಾವ ತಂದರು. ಸಾಮಾನ್ಯ ಸಭೆ ಅದನ್ನು ಒಪ್ಪಿ ಮೂವರ ತಂಡ ರಚಿಸಿತು: ಸಭೆಯ ಅಧ್ಯಕ್ಷರಾದ ಇರಾನಿನ ಎಂತೆಜಾಮ್, ಕೆನಡಾದ ಲೆಸ್ಟರ್ ಪಿಯರ್ಸನ್ ಮತ್ತು ರಾವ್. ಮೊದಲು ಗುಂಡು ನಿಲ್ಲಲಿ, ಆಮೇಲೆ ಮಾತು ಎಂಬುದು ತಂಡದ ದಾರಿ. ಮೊದಲು ಗುಂಡು ನಿಲ್ಲಿಸಿದರೆ ಎದುರಾಳಿ ಉಸಿರು ತಿರುಗಿಸಿಕೊಂಡು ಬಲಗೊಳ್ಳುತ್ತಾನೆ ಎಂಬುದು ಚೀನಾದ ಶಂಕೆ. 1951ರ ಜನವರಿ 17ರಂದು ಚೀನಾ ಆ ತತ್ವಗಳನ್ನು ತಿರಸ್ಕರಿಸಿತು. ಫೆಬ್ರವರಿ 1ರಂದು ಸಾಮಾನ್ಯ ಸಭೆ ಚೀನಾವನ್ನು ಆಕ್ರಮಣಕಾರಿ ಎಂದು ಹೆಸರಿಸಿತು. ಹಾಗೆ ಹೆಸರಿಟ್ಟರೆ ಮಾತಿನ ಬಾಗಿಲು ಮುಚ್ಚುತ್ತದೆ ಎಂಬುದು ಭಾರತದ ನಿಲುವಾಗಿತ್ತು, ಅದು ವಿರುದ್ಧ ಮತ ಹಾಕಿತು. ಇದೇ ದಿನಗಳಲ್ಲಿ ಕಾಶ್ಮೀರದ ವಿಷಯದಲ್ಲಿ ಭಾರತದ ಪಕ್ಷವನ್ನು ಮಂಡಳಿಯ ಮುಂದೆ ವಾದಿಸುವ ಹೊಣೆಯೂ ರಾವ್ ಅವರದೇ. ಅನ್ಯರ ಜಗಳದಲ್ಲಿ ಮಧ್ಯಸ್ಥ, ಸ್ವಂತ ದೇಶದ ತಗಾದೆಯಲ್ಲಿ ಕಕ್ಷಿಗಾರ, ಎರಡೂ ಒಬ್ಬನೇ ಮನುಷ್ಯ. ಮಕ್ಕಳಿಂದ ಇದನ್ನು ನಾನು ಮುಚ್ಚಿಡಲಿಲ್ಲ.

1952ರ ಫೆಬ್ರವರಿಯಲ್ಲಿ ರಾವ್ ಹೇಗ್ ನಗರದ ಅಂತರರಾಷ್ಟ್ರೀಯ ನ್ಯಾಯಾಲಯದ ನ್ಯಾಯಾಧೀಶರಾದರು. ಕೊರಿಯಾದಲ್ಲಿ ಕದನವಿರಾಮಕ್ಕೆ ಸಹಿ ಬಿದ್ದದ್ದು 1953ರ ಜುಲೈ 27ರಂದು. ಎರಡು ವರ್ಷ ನಡೆದ ಮಾತುಕತೆಯಲ್ಲಿ ದೊಡ್ಡ ತೊಡಕು ಯುದ್ಧಕೈದಿಗಳದು: ತವರಿಗೆ ಹೋಗಲೊಲ್ಲದವರನ್ನು ಏನು ಮಾಡುವುದು? ಭಾರತ ಸೂಚಿಸಿದ ದಾರಿಯಂತೆ ಐದು ತಟಸ್ಥ ರಾಷ್ಟ್ರಗಳ ಆಯೋಗ ಏರ್ಪಟ್ಟಿತು. ಅದರ ಅಧ್ಯಕ್ಷರಾಗಿ ಹೋದವರು ಕೊಡಗಿನ ಜನರಲ್ ತಿಮ್ಮಯ್ಯ. 22 ಸಾವಿರಕ್ಕೂ ಹೆಚ್ಚು ಕೈದಿಗಳು ಭಾರತದ ಪಡೆಯ ಕಾವಲಿಗೆ ಬಂದರು. ಆ ಕೆಲಸ ಇನ್ನೂ ನಡೆಯುತ್ತಿದ್ದಾಗಲೇ, 1953ರ ನವೆಂಬರ್ 30ರಂದು ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿ ರಾವ್ ತೀರಿಕೊಂಡರು. ಆಗ ಅವರಿಗೆ 66 ವರ್ಷ. ಕೊರಿಯಾದಲ್ಲಿ ಅಂದು ಆದದ್ದು ಕದನವಿರಾಮ. ಶಾಂತಿ ಒಪ್ಪಂದ ಇಂದಿಗೂ ಆಗಿಲ್ಲ.

ಕಥೆ ಮುಗಿದಾಗ ಅದೇ ಹುಡುಗ ಎದ್ದ. ಹಾಗಾದರೆ ಅವರು ಸೋತರಾ ಸಾರ್ ಎಂದ. ಈ ಬಾರಿ ಗಂಟೆಗಾಗಿ ಕಾಯಲಿಲ್ಲ. ಕಪ್ಪುಹಲಗೆಯಲ್ಲಿ ಎರಡು ಕಂಬಸಾಲು ಎಳೆದು, ಒಂದಕ್ಕೆ ‘ನಿಂತದ್ದು’, ಇನ್ನೊಂದಕ್ಕೆ ‘ಬಗೆಹರಿದದ್ದು’ ಎಂದು ಬರೆದೆ. ಕೊರಿಯಾದ ಗುಂಡು ಮೊದಲ ಸಾಲಿಗೆ ಹೋಯಿತು. ಕೈದಿಗಳ ಪ್ರಶ್ನೆಗೆ ಇಬ್ಬರೂ ಒಪ್ಪುವ ದಾರಿಯೊಂದು ಸಿಕ್ಕಿತ್ತು, ಮಕ್ಕಳು ಅದನ್ನು ಎರಡನೆಯ ಸಾಲಿಗೆ ಹಾಕಿದರು. ಕೊರಿಯಾ ಯಾರದು, ಹೇಗೆ ಒಂದಾಗಬೇಕು ಎಂಬುದು ಯಾವ ಸಾಲಿಗೂ ಸೇರಲಿಲ್ಲ. ಸಿಂಧೂ ಒಪ್ಪಂದ ಎಲ್ಲಿಗೆ ಸೇರಬೇಕು ಎಂದು ವಾದ ಎದ್ದಿತು. ನಾನು ತೀರ್ಪು ಕೊಡಲಿಲ್ಲ. ಸೋತರೋ ಗೆದ್ದರೋ ಎಂಬ ಪ್ರಶ್ನೆ ಆ ವಾದದಲ್ಲಿ ತಾನೇ ಹಿಂದೆ ಸರಿಯಿತು.

ಗೃಹಪಾಠಕ್ಕೆ ಶಾಂತಿಯ ಮಹತ್ವ ಕುರಿತು ಪ್ರಬಂಧ ಕೊಡಬೇಕೆಂದು ಯೋಜನೆಯಲ್ಲಿ ಬರೆದಿದ್ದೆ. ಅದನ್ನು ಕೈಬಿಟ್ಟೆ. ಎರಡು ತಂಡಗಳಿಗೆ ಒಂದೇ ವಾಲಿಬಾಲ್ ಇದೆ ಎಂದುಕೊಂಡು, ಅದನ್ನು ಹಂಚಿಕೊಳ್ಳುವ ಕರಾರುಪತ್ರವನ್ನು ನಾಲ್ಕು ನಾಲ್ಕು ಜನ ಸೇರಿ ಬರೆದು ತನ್ನಿ ಎಂದೆ. ಮೊದಲ ಕರಡುಗಳಲ್ಲಿ ಬಂದದ್ದು ಒಂದೇ ಸಾಲು: ಯಾರೂ ಜಗಳ ಆಡಬಾರದು. ಆಡಿದರೆ ಏನು ಮಾಡುತ್ತೀರಿ ಎಂದು ಕೇಳಿ ವಾಪಸು ಕೊಟ್ಟೆ. ಎರಡನೆಯ ಕರಡಿನಲ್ಲಿ ದಿನಗಳ ಹಂಚಿಕೆ ಬಂತು. ಮೂರನೆಯದರಲ್ಲಿ ಚೆಂಡು ಇಡುವವರು ಯಾರು, ಹರಿದರೆ ದುಡ್ಡು ಯಾರದು, ಮಾತು ಮುರಿದವರ ಬಗ್ಗೆ ಯಾರಿಗೆ ಹೇಳಬೇಕು ಎಂಬುದೆಲ್ಲ ಬಂತು. ಒಂದು ಗುಂಪು, ತಿಂಗಳಿಗೊಮ್ಮೆ ಎರಡೂ ತಂಡದವರು ಕೂತು ಕರಾರನ್ನು ಮತ್ತೆ ಓದಬೇಕು ಎಂದು ಸೇರಿಸಿತ್ತು. ಆ ಗುಂಪಿನಲ್ಲಿ ನೀರುಗಂಟಿಯ ಮೊಮ್ಮಗಳು ಇದ್ದಳು. ಕಾಲುವೆಯ ಹೂಳನ್ನು ವರ್ಷವರ್ಷ ತೆಗೆಯದಿದ್ದರೆ ನೀರು ಹರಿಯುವುದಿಲ್ಲವಲ್ಲ, ಹಾಗೆ ಎಂದು ಕಾರಣ ಕೊಟ್ಟಳು.

ಪ್ರಶಿಕ್ಷಣಾರ್ಥಿ ಮಿತ್ರರಿಗೆ ಒಂದು ಮಾತು. ಶಾಂತಿಯ ಪಾಠವನ್ನು ಘೋಷಣೆಯಿಂದ ಮುಗಿಸುವುದು ಸುಲಭ, ಮಕ್ಕಳು ಜೋರಾಗಿ ಕೂಗಿಯೂ ಕೂಗುತ್ತಾರೆ. ಆದರೆ ಜಗಳ ನಿಲ್ಲಿಸುವುದು ಬೇರೆ, ಜಗಳದ ಬೇರು ಬಗೆಹರಿಸುವುದು ಬೇರೆ ಎಂಬ ವ್ಯತ್ಯಾಸ ಅವರಿಗೆ ತಿಳಿಯುವುದು ತಾವೇ ಒಂದು ಕರಾರು ಬರೆದು, ಅದರಲ್ಲಿ ಬಿಟ್ಟುಹೋದದ್ದನ್ನು ಕಂಡಾಗ. ಗುರಿ ಮುಟ್ಟದ ಬದುಕುಗಳನ್ನು ತರಗತಿಗೆ ತರಲು ನಾವು ಹಿಂಜರಿಯುತ್ತೇವೆ. ಬಿ.ಎನ್. ರಾವ್ ಅವರ ಬದುಕನ್ನು ಹೇಳಿದ ಮೇಲೆ ನನ್ನ ಆ ಹಿಂಜರಿಕೆ ಹೋಯಿತು. ಯುದ್ಧ ಯಾಕೆ ನಿಲ್ಲುವುದಿಲ್ಲ ಎಂಬ ಪ್ರಶ್ನೆಗೆ ಪೂರ್ತಿ ಉತ್ತರ ನನ್ನಲ್ಲಿ ಇನ್ನೂ ಇಲ್ಲ. ಮುಂದಿನ ಸಲ ಆ ಪ್ರಶ್ನೆ ಬಂದರೆ ಮಕ್ಕಳ ಜೊತೆ ಕೂತು ಮತ್ತೊಂದು ಕರಡು ಬರೆಯುತ್ತೇನೆ.