ಜೀನ್ ಸಾರಜೆನ್ ಹಾಕಿದ ಬೆಸುಗೆ

ಗಾಲ್ಫ್‌ನಲ್ಲಿ 250 ಗಜ ಹಾರಿಸಿದ ಹೊಡೆತಕ್ಕೂ ಲೆಕ್ಕ ಒಂದೇ, 10 ಗಜ ತಳ್ಳಿದ ಹೊಡೆತಕ್ಕೂ ಲೆಕ್ಕ ಒಂದೇ. ಪುಣೆಯಲ್ಲಿ ರಜೆಯ ದಿನ ಸಹೋದ್ಯೋಗಿಗಳ ಜೊತೆ ಆಡಲು ಹೋಗುವ ನಾನು ಹೆಚ್ಚು ತಲೆ ಕೆಡಿಸಿಕೊಳ್ಳುವುದು ಆ ಕೊನೆಯ 10 ಗಜದ ಬಗ್ಗೆಯೇ. ಗುಳಿಯ ಸುತ್ತ ನುಣ್ಣಗೆ ಕತ್ತರಿಸಿದ ಹುಲ್ಲಿನ ಜಾಗಕ್ಕೆ ಗ್ರೀನ್ ಎನ್ನುತ್ತಾರೆ. ಅದರ ಪಕ್ಕದಲ್ಲಿ ಬೆಳೆಯಲು ಬಿಟ್ಟ ಹುಲ್ಲು ರಫ್, ಮರಳು ತುಂಬಿದ ಗುಂಡಿ ಬಂಕರ್. ಚೆಂಡು ಅಲ್ಲಿ ಸಿಕ್ಕಿಕೊಂಡರೆ ನೆಲಕ್ಕೆ ಹತ್ತಿರವಾಗಿ ಉರುಳಿಸಬೇಕೇ, ಎತ್ತರಕ್ಕೆ ಎತ್ತಿ ಮೆತ್ತಗೆ ಇಳಿಸಬೇಕೇ, ಅಥವಾ ಗುಳಿಯ ಆಸೆ ಬಿಟ್ಟು ಮೊದಲು ಹೊರಗೆ ತಂದರೆ ಸಾಕೇ? ಇವತ್ತು ಈ ಆಯ್ಕೆ ಸಾಮಾನ್ಯ ಆಟಗಾರನಿಗೂ ಇದೆ ಎಂದರೆ ಅದರಲ್ಲಿ ಒಬ್ಬ ಬಡಗಿಯ ಮಗನ ಪಾಲು ದೊಡ್ಡದು. ಅವನೇ ಜೀನ್ ಸಾರಜೆನ್.

ಸಾರಜೆನ್ ಹುಟ್ಟಿದ್ದು 1902ರ ಫೆಬ್ರವರಿ 27ರಂದು, ನ್ಯೂಯಾರ್ಕ್ ರಾಜ್ಯದ ಹ್ಯಾರಿಸನ್‌ನಲ್ಲಿ. ಇಟಲಿಯಿಂದ ವಲಸೆ ಬಂದ ಕುಟುಂಬ. ಹುಟ್ಟುಹೆಸರು ಯೂಜೆನಿಯೊ ಸಾರಸೆನಿ. ಮನೆಯಲ್ಲಿ ಬಡತನ. ಎಂಟನೇ ವಯಸ್ಸಿಗೇ ಹುಡುಗ ಶ್ರೀಮಂತರ ಗಾಲ್ಫ್ ಚೀಲ ಹೊರುವ ಕ್ಯಾಡಿಯಾದ. ಮುಂದೆ ಶಾಲೆಯನ್ನೂ ಅರ್ಧಕ್ಕೆ ಬಿಟ್ಟ. ಮಗ ತನ್ನಂತೆ ಮರಗೆಲಸ ಕಲಿಯಲಿ ಎಂಬುದು ಅಪ್ಪನ ಆಸೆ. ಆದರೆ ಹದಿಹರೆಯದಲ್ಲಿ ನ್ಯುಮೋನಿಯಾ ಬಂದು, ಎದೆಯಲ್ಲಿ ಕೀವು ತುಂಬಿ, ಹುಡುಗ ಸಾವಿನ ಬಾಗಿಲವರೆಗೆ ಹೋಗಿ ಬಂದ. ಇನ್ನು ಒಳಾಂಗಣದ ಧೂಳಿನಲ್ಲಿ ದುಡಿಯಬೇಡ, ಬಯಲಿನ ಕೆಲಸ ಹುಡುಕಿಕೋ ಎಂಬುದು ವೈದ್ಯರ ಸಲಹೆ. ಅವನಿಗೆ ಗೊತ್ತಿದ್ದ ಬಯಲಿನ ಕೆಲಸ ಗಾಲ್ಫ್ ಒಂದೇ.

ಆ ದಿನಗಳಲ್ಲೇ ಅವನು ಹೆಸರು ಬದಲಿಸಿಕೊಂಡ. ಪತ್ರಿಕೆಯಲ್ಲಿ ಅಚ್ಚಾದ ತನ್ನ ಹೆಸರು ನೋಡಿದಾಗ ಅದು ಗಾಲ್ಫ್ ಆಟಗಾರನದ್ದಲ್ಲ, ಪಿಟೀಲು ವಾದಕನದ್ದು ಅನಿಸಿತಂತೆ. ಅಪ್ಪನ ಹೆಸರನ್ನೂ ಊರಿನ ಹೆಸರನ್ನೂ ಇನಿಷಿಯಲ್‌ನಲ್ಲಿ ಹೊತ್ತು ಬಂದು, ಇಲ್ಲಿನ ಪ್ರತಿ ಫಾರ್ಮಿನಲ್ಲೂ ಸರ್‌ನೇಮ್ ಕಾಲಂ ಮುಂದೆ ತಡವರಿಸುವ ನಮ್ಮಂಥವರಿಗೆ ಅವನ ಇಕ್ಕಟ್ಟು ಬಿಡಿಸಿ ಹೇಳಬೇಕಿಲ್ಲ. ಯೂಜೆನಿಯೊ ಸಾರಸೆನಿ ಹೀಗೆ ಜೀನ್ ಸಾರಜೆನ್ ಆದ.

ಎತ್ತರ ಐದೂವರೆ ಅಡಿಗಿಂತ ಕಡಿಮೆ, ಕೈಗಳೂ ಚಿಕ್ಕವು. ಆದರೂ 1922ರಲ್ಲಿ, 20ನೇ ವಯಸ್ಸಿನಲ್ಲಿ ಅಮೆರಿಕದ ಯುಎಸ್ ಓಪನ್ ಗೆದ್ದ. ಅದೇ ವರ್ಷ ಪಿಜಿಎ ಚಾಂಪಿಯನ್‌ಶಿಪ್ ಕೂಡ ಗೆದ್ದ. 1923ರಲ್ಲಿ ಆ ಕಾಲದ ದೊರೆ ವಾಲ್ಟರ್ ಹೇಗನ್‌ನನ್ನು ಫೈನಲ್‌ನಲ್ಲಿ ಮಣಿಸಿ ಪಿಜಿಎ ಉಳಿಸಿಕೊಂಡ. ಆಮೇಲೆ ಒಂಬತ್ತು ವರ್ಷ ದೊಡ್ಡ ಪ್ರಶಸ್ತಿ ಒಂದೂ ಕೈಗೆ ಬರಲಿಲ್ಲ.

ಆ ಬರಗಾಲದ ನಡುವೆ 1928ರ ಬ್ರಿಟಿಷ್ ಓಪನ್ ಬಂತು. ಇಂಗ್ಲೆಂಡಿನ ಸ್ಯಾಂಡ್‌ವಿಚ್ ಊರಿನ ರಾಯಲ್ ಸೇಂಟ್ ಜಾರ್ಜಸ್ ಮೈದಾನ. ಹೇಗನ್ ದೊಡ್ಡ ಮನಸ್ಸು ಮಾಡಿ ತನ್ನ ಕ್ಯಾಡಿ ಸ್ಕಿಪ್ ಡೇನಿಯಲ್ಸ್‌ನನ್ನು ಸಾರಜೆನ್‌ಗೆ ಬಿಟ್ಟುಕೊಟ್ಟಿದ್ದ. ಡೇನಿಯಲ್ಸ್ ವಯಸ್ಸಾದವನು, ಆ ನೆಲದ ಉಬ್ಬುತಗ್ಗು ಬಲ್ಲವನು. 14ನೇ ಗುಳಿಯಲ್ಲಿ ಸಾರಜೆನ್‌ನ ಚೆಂಡು ರಫ್‌ಗೆ ಬಿತ್ತು. ಕಬ್ಬಿಣದ ಕ್ಲಬ್ಬಿನಿಂದ ಮೊದಲು ಹೊರಗೆ ತೆಗೆದರೆ ಸಾಕು ಎಂಬುದು ಮುದುಕನ ಸಲಹೆ. ಸಾರಜೆನ್ ಕೇಳಲಿಲ್ಲ. ದೂರ ಹೊಡೆಯುವ ಮರದ ಕ್ಲಬ್ ಎತ್ತಿಕೊಂಡು ಬೀಸಿದ. ಚೆಂಡು ಹುಲ್ಲಿನಲ್ಲೇ ತುಸು ದೂರ ಉರುಳಿ ನಿಂತಿತು. ಐದು ಹೊಡೆತದಲ್ಲಿ ಮುಗಿಯಬೇಕಿದ್ದ ಗುಳಿಗೆ ಏಳಾಯಿತು. ಕೊನೆಗೆ ಹೇಗನ್ ಗೆದ್ದಿದ್ದು ಎರಡೇ ಹೊಡೆತದ ಅಂತರದಲ್ಲಿ, ಎರಡನೆಯವನು ಸಾರಜೆನ್. ತನ್ನ ಉಸಿರು ನಿಲ್ಲುವ ಮೊದಲು ಈ ಓಪನ್ ಗೆಲ್ಲಿಸಿಕೊಡುತ್ತೇನೆ ಎಂದು ಡೇನಿಯಲ್ಸ್ ಮಾತು ಕೊಟ್ಟು ಬೀಳ್ಕೊಟ್ಟ.

ರಫ್‌ನಲ್ಲಿ ಅವನಿಗೆ ಕೈಕೊಟ್ಟಿದ್ದು ದುರಾಸೆ. ಬಂಕರ್‌ನಲ್ಲಿ ಕಾಡುತ್ತಿದ್ದದ್ದು ಭಯ. ಅದಕ್ಕೆ ಕಾರಣ ಅವನ ಕೈಯಲ್ಲ, ಉಪಕರಣ. ಆಗ ಮರಳಿನಿಂದ ಚೆಂಡು ತೆಗೆಯಲು ಬಳಸುತ್ತಿದ್ದ ನಿಬ್ಲಿಕ್ ಎಂಬ ಕ್ಲಬ್ಬಿನ ಮುಂದಿನ ಅಂಚು ತೆಳು, ಚೂಪು. ಚೆಂಡಿನ ಹಿಂದೆ ಸ್ವಲ್ಪ ಹೆಚ್ಚು ಮರಳು ಸಿಕ್ಕರೆ ಅದು ಗುದ್ದಲಿಯಂತೆ ನೆಟ್ಟುಕೊಳ್ಳುತ್ತಿತ್ತು. ಮರಳು ತಪ್ಪಿಸಲು ಹೋದರೆ ಚೆಂಡು ಗ್ರೀನ್ ದಾಟಿ ಆಚೆ ಹಾರುತ್ತಿತ್ತು. ಕೂದಲೆಳೆಯಷ್ಟು ವ್ಯತ್ಯಾಸವನ್ನೂ ಕ್ಷಮಿಸದ ವಿನ್ಯಾಸ ಅದು. ನನ್ನ ವೃತ್ತಿಯಲ್ಲಿ ಇಂಥದ್ದು ಕಂಡರೆ ಬಳಸುವವನನ್ನು ಬೈಯುವ ಮೊದಲು ವಿನ್ಯಾಸ ನೋಡು ಎನ್ನುತ್ತೇವೆ.

ಸಾರಜೆನ್ ಮಾಡಿದ್ದೂ ಅದನ್ನೇ. ಸಿರಿವಂತ ವಿಮಾನಪ್ರೇಮಿ ಹೋವರ್ಡ್ ಹ್ಯೂಸ್ ಅವನ ಸ್ನೇಹಿತ. ವಿಮಾನ ಮೇಲೇಳುವಾಗ ಬಾಲ ಕೆಳಗಾಗಿ ಮೂತಿ ಮೇಲಾಗುವುದನ್ನು ಕಂಡಾಗ ಹೊಳೆಯಿತು ಎಂದು ಅವನೇ ಮುಂದೆ ಹೇಳಿಕೊಂಡಿದ್ದಾನೆ. ಕ್ಲಬ್ಬಿನ ಹಿಂದಿನ ಅಂಚು ಮುಂದಿನ ಅಂಚಿಗಿಂತ ಕೆಳಗಿದ್ದರೆ ಅದು ಮರಳಿಗೆ ನೆಡುವ ಬದಲು ಜಾರಿ ಮೇಲೇಳಬೇಕಲ್ಲ? 1931-32ರ ಚಳಿಗಾಲದಲ್ಲಿ, ಫ್ಲಾರಿಡಾದ ನ್ಯೂ ಪೋರ್ಟ್ ರಿಚಿಯಲ್ಲಿ ಅವನು ನಿಬ್ಲಿಕ್‌ಗಳ ತಳಕ್ಕೆ ಬೆಸುಗೆಯ ಲೋಹ ಕರಗಿಸಿ ಹಚ್ಚಿದ, ಅರದಿಂದ ಉಜ್ಜಿದ, ಮರಳಿಗೆ ಹೋಗಿ ಹೊಡೆದು ನೋಡಿದ, ಮತ್ತೆ ಹಚ್ಚಿದ. ಕೊನೆಗೆ ಸರಿಹೋಯಿತು. ಈಗ ಚೆಂಡಿಗಿಂತ ಒಂದೆರಡು ಇಂಚು ಹಿಂದೆ ಮರಳಿಗೆ ಹೊಡೆದರೆ ಸಾಕು. ಕ್ಲಬ್ ಚೆಂಡನ್ನು ಮುಟ್ಟುವುದೇ ಇಲ್ಲ, ಸಿಡಿದ ಮರಳೇ ಅದನ್ನು ಎತ್ತಿ ಹೊರಗಿಡುತ್ತದೆ.

ಅದಕ್ಕೆ ಮುಂಚೆಯೂ ಮರಳಿಗೆಂದೇ ಕ್ಲಬ್ಬುಗಳು ಬಂದಿದ್ದವು. ಆದರೆ ಸೌಟಿನಂತೆ ಒಳಬಾಗಿದ ಮುಖವಿದ್ದ ಒಂದು ಬಗೆಯನ್ನು 1931ರಲ್ಲಿ ನಿಷೇಧಿಸಲಾಗಿತ್ತು. ತನ್ನದಕ್ಕೂ ಅದೇ ಗತಿ ಬಂದೀತೆಂದು ಸಾರಜೆನ್ 1932ರ ಬ್ರಿಟಿಷ್ ಓಪನ್‌ಗೆ ಹೋದಾಗ ಅದನ್ನು ಚೀಲದಲ್ಲಿ ತಲೆಕೆಳಗಾಗಿ ಇಟ್ಟ, ರಾತ್ರಿ ಕೋಟಿನೊಳಗೆ ಬಚ್ಚಿಟ್ಟು ಹೋಟೆಲಿಗೆ ಒಯ್ದ.

ಆ ಸಲ ಆಟ ಪಕ್ಕದ ಪ್ರಿನ್ಸಸ್ ಮೈದಾನದಲ್ಲಿ. ಡೇನಿಯಲ್ಸ್ ಕಾಯುತ್ತಿದ್ದ. ಆದರೆ ಕಣ್ಣು ಮಂಜಾಗಿತ್ತು, ನಡಿಗೆ ಕುಂಟುತ್ತಿತ್ತು. ಹಿತೈಷಿಗಳ ಮಾತು ಕೇಳಿ ಸಾರಜೆನ್ ತರುಣ ಕ್ಯಾಡಿಯೊಬ್ಬನನ್ನು ಹಿಡಿದ. ಅಭ್ಯಾಸದಲ್ಲಿ ಆಟ ಕೆಟ್ಟಿತು. ಪಂದ್ಯಕ್ಕೆ ಮುಂಚೆ ಮುದುಕನನ್ನೇ ಕರೆಸಿಕೊಂಡ, ಈ ಬಾರಿ ಅವನ ಮಾತು ಕೇಳಿದ. 283 ಹೊಡೆತಗಳು, ಐದರ ಅಂತರದ ಗೆಲುವು. ಡೇನಿಯಲ್ಸ್ ಕೊಟ್ಟ ಮಾತು ಉಳಿಸಿಕೊಂಡ. ಕೆಲವೇ ತಿಂಗಳಲ್ಲಿ ತೀರಿಕೊಂಡ.

ಅದೇ ತಿಂಗಳು ಸಾರಜೆನ್ ಯುಎಸ್ ಓಪನ್ ಅನ್ನೂ ಗೆದ್ದ. ಕೊನೆಯ 28 ಗುಳಿಗಳನ್ನು 100 ಹೊಡೆತಗಳಲ್ಲಿ ಮುಗಿಸಿ. 1933ರಲ್ಲಿ ಮತ್ತೆ ಪಿಜಿಎ. 1935ರಲ್ಲಿ ಅಗಸ್ಟಾದಲ್ಲಿ 235 ಗಜದಿಂದ ಹೊಡೆದ ಚೆಂಡು ನೇರ ಗುಳಿಗೆ ಬಿದ್ದು, ಮೂರು ಹೊಡೆತದ ಹಿನ್ನಡೆ ಒಮ್ಮೆಗೇ ಅಳಿಸಿಹೋಯಿತು. ಮರುದಿನದ ಪ್ಲೇಆಫ್‌ನಲ್ಲಿ ಗೆದ್ದು, ಇಂದು ಮೇಜರ್ ಎನಿಸಿಕೊಳ್ಳುವ ನಾಲ್ಕೂ ಟೂರ್ನಿಗಳನ್ನು ಗೆದ್ದ ಮೊದಲಿಗನಾದ.

ಅವನ ಕ್ಲಬ್ ಈಗ ಸ್ಯಾಂಡ್ ವೆಜ್ ಎಂಬ ಹೆಸರಿನಲ್ಲಿ ಹೆಚ್ಚುಕಡಿಮೆ ಪ್ರತಿ ಆಟಗಾರನ ಚೀಲದಲ್ಲೂ ಇದೆ. ಗ್ರೀನ್ ಪಕ್ಕದ ದಟ್ಟ ಹುಲ್ಲಿಗೂ ಅದೇ ಆಗುತ್ತದೆ. ಅಗಲ ತಳ ಹುಲ್ಲಿನೊಳಗೆ ಜಾರುತ್ತದೆ, ಚೆಂಡು ಎತ್ತರಕ್ಕೆ ಎದ್ದು ಮೆತ್ತಗೆ ಇಳಿಯುತ್ತದೆ. ಆದರೆ ನೆಲ ಗಟ್ಟಿಯಿದ್ದು ಹುಲ್ಲು ತೆಳುವಾಗಿದ್ದರೆ ಅದೇ ತಳ ಪುಟಿದು ಚೆಂಡಿನ ನಡುವಿಗೆ ಬಡಿಯುತ್ತದೆ. ಅಲ್ಲಿ ಬೇರೆ ಕ್ಲಬ್ ಹಿಡಿದು ಉರುಳಿಸುವುದೇ ಲೇಸು. ಬೆಸುಗೆಯಿಂದ ಸಾರಜೆನ್ ಒಂದು ಹೊಸ ದಾರಿ ತೆರೆದ. ಯಾವಾಗ ಯಾವ ದಾರಿ ಎಂಬ ವಿವೇಕ ಡೇನಿಯಲ್ಸ್ ಪಾಲಿನದು. ಒಂದಿಲ್ಲದೆ ಇನ್ನೊಂದು ಸಾಲದು ಎಂದು 1932 ತೋರಿಸಿಕೊಟ್ಟಿತು.

ಸಾರಜೆನ್ ತೀರಿಕೊಂಡಿದ್ದು 1999ರ ಮೇ 13ರಂದು, 97ನೇ ವಯಸ್ಸಿನಲ್ಲಿ. ಅದಕ್ಕೂ ಮುಂಚೆ, 1973ರಲ್ಲಿ, 71ರ ಮುದುಕನಾಗಿ ಸ್ಕಾಟ್ಲೆಂಡಿನ ಟ್ರೂನ್‌ನಲ್ಲಿ ಬ್ರಿಟಿಷ್ ಓಪನ್ ಆಡಿದ. ಅಂಚೆಚೀಟಿ ಎಂದೇ ಹೆಸರಾದ ಪುಟ್ಟ ಗ್ರೀನ್‌ನ 8ನೇ ಗುಳಿಗೆ ಮೊದಲ ದಿನ ಒಂದೇ ಹೊಡೆತದಲ್ಲಿ ಚೆಂಡು ಹಾಕಿದ. ಎರಡನೇ ದಿನ ಅದೇ ಗುಳಿಯಲ್ಲಿ ಚೆಂಡು ಬಂಕರ್‌ಗೆ ಬಿತ್ತು. ಸ್ಯಾಂಡ್ ವೆಜ್ ಹಿಡಿದು ಮರಳಿಗಿಳಿದ, ಅಲ್ಲಿಂದಲೇ ನೇರ ಗುಳಿಗೆ ಹಾಕಿ ಮೇಲೆ ಹತ್ತಿ ಬಂದ.